ಅಮ್ಮನ ಬಗ್ಗೆ ಐದು ನಿಮಿಷ ಮಾತಾಡಬೇಕು, ಏನು ಹೇಳಲಿ?

ಪ್ರಶ್ನೆ: ಅಕ್ಕ, ಅಮ್ಮ ತೀರಿಕೊಂಡು ಒಂದು ತಿಂಗಳಾಗುತ್ತಾ ಬಂತು. ಮುಂದಿನ ವಾರ ಚರ್ಚಿನಲ್ಲಿ ಅವರ ನೆನಪಿನ ಪ್ರಾರ್ಥನೆ ಇದೆ. ಐದು ನಿಮಿಷ ಮಾತಾಡು ಅಂತ ಮನೆಯವರೆಲ್ಲ ಸೇರಿ ನನ್ನ ತಲೆಗೆ ಕಟ್ಟಿದ್ದಾರೆ. ಬರೆಯಲು ಕೂತರೆ ‘ಕಷ್ಟಜೀವಿ, ದೈವಭಕ್ತೆ, ತ್ಯಾಗಮಯಿ’ ಅಂತ ಮೂರು ಪದ ಬರುತ್ತವೆ, ಅಲ್ಲಿಗೆ ಪೆನ್ನು ನಿಲ್ಲುತ್ತದೆ. ಬೇರೆಯವರ ಬಟ್ಟೆ ಹೊಲಿದು ನಮ್ಮ ನಾಲ್ಕು ಜನರನ್ನು ಓದಿಸಿದವರು ಅವರು. ಮೈ ಸರಿ ಇಲ್ಲದಿದ್ದರೂ ಭಾನುವಾರ ಚರ್ಚ್ ತಪ್ಪಿಸಿದವರಲ್ಲ. ಆ ಮೂರು ಪದಗಳಲ್ಲಿ ನಮ್ಮಮ್ಮ ಕಾಣುವುದೇ ಇಲ್ಲ.

ಉತ್ತರ: ಬೇಕಾದ್ದನ್ನು ನೀವೇ ಬರೆದಿದ್ದೀರಲ್ಲ, ಹೊಲಿಯುತ್ತಿದ್ದರು ಅಂತ! ಅಲ್ಲಿಂದಲೇ ಶುರು ಮಾಡಿ.

ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ತೆಗೆದು ನೋಡಿ. ಯೊಪ್ಪ ಎಂಬ ಊರಿನಲ್ಲಿ ತಬಿಥಾ ಅಂತ ಒಬ್ಬಳಿದ್ದಳು, ಗ್ರೀಕಿನಲ್ಲಿ ಅವಳ ಹೆಸರು ದೊರ್ಕ. ಅವಳು ತೀರಿಕೊಂಡಾಗ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಅವನು ಮೇಲಿನ ಕೋಣೆಗೆ ಬಂದರೆ ವಿಧವೆಯರೆಲ್ಲ ಸುತ್ತ ನಿಂತು ಅಳುತ್ತಾ, ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿ, ಮೇಲುಡುಪುಗಳನ್ನು ತೋರಿಸುತ್ತಾರೆ. ‘ಒಳ್ಳೆಯವಳಿದ್ದಳು’ ಅಂತ ಭಾಷಣ ಮಾಡಿದರು ಅಂತಿಲ್ಲ, ಬಟ್ಟೆ ತೋರಿಸಿದರು ಅಷ್ಟೇ. ಮುಂದೆ ಪವಾಡ ನಡೆದು ಅವಳು ಮತ್ತೆ ಬದುಕುತ್ತಾಳೆ, ಅದೇ ಕಥೆಯ ಮುಖ್ಯ ಭಾಗ ನಿಜ, ಆದರೆ ನನಗೆ ಯಾವಾಗಲೂ ಕಣ್ಣ ಮುಂದೆ ಬರುವುದು ಆ ಬಟ್ಟೆ ಹಿಡಿದು ನಿಂತ ಹೆಂಗಸರೇ.

ನೀವೂ ಅಷ್ಟನ್ನೇ ಮಾಡಬೇಕು. ಅಮ್ಮ ಹೊಲಿದ ಒಂದು ಬಟ್ಟೆ ಮನೆಯಲ್ಲಿ ಇದ್ದೇ ಇರುತ್ತದೆ, ಅದನ್ನು ಕೈಗೆ ತೆಗೆದುಕೊಂಡು ಕೂತುಕೊಳ್ಳಿ. ರಾತ್ರಿ ಎಷ್ಟು ಹೊತ್ತಿನವರೆಗೆ ಮಿಷನ್ ಸದ್ದು ಕೇಳುತ್ತಿತ್ತು? ಮಕ್ಕಳು ಬೆಳೀತಾರೆ ಅಂತ ಅಂಚಿನಲ್ಲಿ ಬಟ್ಟೆ ಜಾಸ್ತಿ ಮಡಚಿ ಬಿಡುತ್ತಿದ್ದರಾ? ದುಡ್ಡು ಕೊಡಲಾಗದವರು ಬಂದರೆ ಏನು ಹೇಳಿ ಕಳಿಸುತ್ತಿದ್ದರು? ಆಮೇಲೆ ಅವರ ಬೈಬಲ್ ತೆಗೆಯಿರಿ. ಯಾವ ಪುಟ ಹೆಚ್ಚು ಮಾಸಿದೆ, ಎಲ್ಲಿ ಗೆರೆ ಎಳೆದಿದ್ದಾರೆ, ಒಳಗೆ ಯಾರ ಹೆಸರಿನ ಚೀಟಿ ಇದೆ. ದೈವಭಕ್ತೆ ಅನ್ನುವ ಪದ ಮಾಡದ ಕೆಲಸವನ್ನು ಒಂದು ಹಳೇ ಚೀಟಿ ಮಾಡುತ್ತದೆ.

ಬೈಬಲಿನ ಜ್ಞಾನೋಕ್ತಿಗಳು 31, ಅಂದರೆ ಗುಣವತಿಯಾದ ಗೃಹಿಣಿಯನ್ನು ಹೊಗಳುವ ಅಧ್ಯಾಯ ಓದಬೇಕು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಓದಿ, ಆದರೆ ಬರೀ ಹೊಗಳಿಕೆಯ ಸಾಲು ಎತ್ತಿಕೊಳ್ಳಬೇಡಿ. 10ರಿಂದ 31ರವರೆಗಿನ ಆ ಪದ್ಯದಲ್ಲಿ 22 ವಚನಗಳಿವೆ, ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ಒಂದೊಂದು. ಅದರ ತುಂಬ ಕೆಲಸವೇ! ಕತ್ತಲಿರುವಾಗಲೇ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ, ರಾತ್ರಿ ಅವಳ ದೀಪ ಆರುವುದಿಲ್ಲ. ಕೊನೆಯ ವಚನವೂ ಅವಳ ಕೆಲಸಗಳೇ ಅವಳನ್ನು ಹೊಗಳಲಿ ಅನ್ನುತ್ತದೆ.

ಯಾವಾಗ ಮಾತಾಡಬೇಕು ಅಂತ ಫಾದರ್ ಅಥವಾ ಪಾಸ್ಟರನ್ನು ಮೊದಲೇ ಕೇಳಿಕೊಳ್ಳಿ. ಕಥೋಲಿಕರ ಅಂತ್ಯಕ್ರಿಯೆಯ ಪೂಜೆಯಲ್ಲಂತೂ ಗುರುಗಳ ಪ್ರವಚನ ತೀರಿಕೊಂಡವರ ಗುಣಗಾನ ಆಗಬಾರದು ಅಂತ ನಿಯಮವೇ ಇದೆ, ಮನೆಯವರ ಮಾತು ಪರಮಪ್ರಸಾದದ (ಕಮ್ಯುನಿಯನ್) ನಂತರದ ಪ್ರಾರ್ಥನೆ ಮುಗಿದ ಮೇಲೆ. ಬರೆದದ್ದನ್ನು ಮನೆಯಲ್ಲಿ ಎರಡು ಸಲ ಜೋರಾಗಿ ಓದಿ. ಅಳು ಬರುವ ಜಾಗ ಯಾವುದು ಅಂತ ಗೊತ್ತಾಗುತ್ತದೆ, ಅಲ್ಲಿ ಒಂದು ಗುಟುಕು ನೀರು.

ಪ್ರಶ್ನೆ: ನಮ್ಮ ತಾಯಿಗೆ ವಿಪರೀತ ಸಿಟ್ಟು. ಅದನ್ನು ಹೇಳಬಹುದಾ?

ಉತ್ತರ: ನೆನೆಸಿಕೊಂಡು ಎಲ್ಲರೂ ನಗುವಂಥ ಸಿಟ್ಟಾದರೆ ಖಂಡಿತ ಹೇಳಿ, ಕೇಳುವವರಿಗೆ ಅವರು ಎದ್ದು ಬಂದಂತಾಗುತ್ತದೆ. ಯಾರಿಗೋ ಇನ್ನೂ ನೋಯುವ ಸಿಟ್ಟಾದರೆ ಮೈಕ್ ಮುಂದೆ ಬೇಡ. ಹಾಗಂತ ‘ಎಂದೂ ಕೋಪಿಸಿಕೊಂಡವರಲ್ಲ’ ಅಂತ ಸುಳ್ಳೂ ಬೇಡ. ಮುಂದಿನ ಸಾಲಿನಲ್ಲಿ ಕೂತ ನಿಮ್ಮ ತಮ್ಮನಿಗೇ ನಗು ಬಂದೀತು.

ಪ್ರಶ್ನೆ: ಅಜ್ಜಿ ನನ್ನನ್ನು ಸಾಕಿದವರು. ನಾನು ಈಗ ಚರ್ಚಿಗೆ ಹೋಗುವುದಿಲ್ಲ, ನಂಬಿಕೆಯೂ ಅಷ್ಟಕ್ಕಷ್ಟೇ. ಅವರ ನಂಬಿಕೆಯ ಬಗ್ಗೆ ನಾನು ಮಾತಾಡಿದರೆ ನಾಟಕ ಆಗುವುದಿಲ್ಲವಾ? ನನಗೆ 17.

ಉತ್ತರ: ನಂಬುತ್ತೇನೆ ಅಂತ ಹೇಳಿದರೆ ನಾಟಕ. ಕಂಡದ್ದನ್ನು ಹೇಳಿದರೆ ಅಲ್ಲ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅಜ್ಜಿ ಎಂಬ ಪದ ಬರುವುದು ಒಂದೇ ಕಡೆ, ಅಪೊಸ್ತಲ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ (2 ತಿಮೊಥೆಯ 1:5). ತಿಮೊಥೆಯನ ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ಇದ್ದ ನಂಬಿಕೆಯನ್ನು ಪೌಲ ಅಲ್ಲಿ ನೆನೆಯುತ್ತಾನೆ. ಲೋವಿ ಏನು ಮಾಡುತ್ತಿದ್ದಳು, ಹೇಗೆ ಪ್ರಾರ್ಥಿಸುತ್ತಿದ್ದಳು, ಒಂದು ಮಾತೂ ಇಲ್ಲ. ಎಷ್ಟು ಸಲ ಓದಿದರೂ ನನಗೆ ಆ ಬೇಜಾರು ಇದ್ದೇ ಇದೆ. ನೀನು ಅಜ್ಜಿಯನ್ನು ಹತ್ತಿರದಿಂದ ನೋಡಿದ್ದೀಯ. ಮಂಡಿ ನೋವಿದ್ದರೂ ಮೊಣಕಾಲೂರುತ್ತಿದ್ದರಾ, ಯಾವ ಬೆಂಚು ಅವರದು, ನೀನು ಚರ್ಚ್ ಬಿಟ್ಟ ಮೇಲೆ ನಿನಗೆ ಏನು ಅಂದರು, ಅಥವಾ ಏನೂ ಅನ್ನಲಿಲ್ಲವಾ? ಅದನ್ನು ಬರಿ.