ಅರ್ಧರಾತ್ರಿ ರಿಜಿಸ್ಟ್ರಾರ್‌ಗೆ ಫೋನ್ ಮಾಡಲೇ?

ಪ್ರಶ್ನೆ: ವಿದೇಶಿ ಡಾಕ್ಟರ್‌ಗಳು ಬರೆಯುವ ಪ್ಲ್ಯಾಬ್ ಪರೀಕ್ಷೆ ಪಾಸಾಗಿ, ಜಿಎಂಸಿ (ಅಲ್ಲಿನ ವೈದ್ಯಕೀಯ ಮಂಡಳಿ) ರಿಜಿಸ್ಟ್ರೇಷನ್ ಸಿಕ್ಕಿ, ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಈಗಷ್ಟೇ ಸೇರಿದ್ದೇನೆ. ಮುಂದಿನ ವಾರದಿಂದ ನೈಟ್ ಡ್ಯೂಟಿ. ಹೊತ್ತಲ್ಲದ ಹೊತ್ತಲ್ಲಿ, ನನ್ನ ಮೇಲಿರುವ ಹಿರಿಯ ಡಾಕ್ಟರ್ ಆದ ರಿಜಿಸ್ಟ್ರಾರ್‌ಗೆ ಫೋನ್ ಮಾಡಿದರೆ ‘ಇಷ್ಟೂ ಗೊತ್ತಿಲ್ವಾ’ ಅಂದುಕೊಂಡಾರು ಎಂಬ ಭಯ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮಾಡಿ. ಬೇಗ ಮಾಡಿ. ನಾನೂ ಅಲ್ಲಿ ಜೂನಿಯರ್ ಆಗಿದ್ದವಳು, ಆಮೇಲೆ ರಿಜಿಸ್ಟ್ರಾರ್ ಆಗಿ ಅಂಥ ಫೋನ್‌ಗಳನ್ನು ಎತ್ತಿದವಳು. ಫೋನ್ ಮಾಡುವ ಜೂನಿಯರ್ ಬಗ್ಗೆ ನನಗೆ ನೆಮ್ಮದಿ ಇರುತ್ತಿತ್ತು. ರಾತ್ರಿಯಿಡೀ ಸದ್ದೇ ಇಲ್ಲದವರ ವಾರ್ಡಿಗೆ ನಾನೇ ಹುಡುಕಿಕೊಂಡು ಹೋಗುತ್ತಿದ್ದೆ.

ನಮ್ಮ ಕಡೆ ಕಲಿತವರಿಗೆ ಇದು ಕಷ್ಟ. ಯೂನಿಟ್ ಚೀಫ್ ಎದುರು ಬಾಯಿ ಬಿಡಲು ಹೆದರಿ ಬೆಳೆದಿರುತ್ತೇವೆ, ಅಲ್ವಾ? ಅಲ್ಲಿ ಎಷ್ಟೋ ಕನ್ಸಲ್ಟೆಂಟ್‌ಗಳು ‘ಹೆಸರು ಹಿಡಿದೇ ಕರೀರಿ’ ಅನ್ನುತ್ತಾರೆ. ಮೊದಮೊದಲು ನಾಲಿಗೆ ಹೊರಳುವುದಿಲ್ಲ. ಆಮೇಲೆ ರೂಢಿಯಾಗುತ್ತದೆ.

ಯಾವಾಗ ಫೋನ್ ಮಾಡಬೇಕು ಅನ್ನುವುದಕ್ಕೆ, ಉಸಿರು, ನಾಡಿ ಮುಂತಾದವಕ್ಕೆ ಅಂಕ ಕೊಟ್ಟು ರೋಗಿ ಎಷ್ಟು ಹದಗೆಟ್ಟಿದ್ದಾರೆ ಅಂತ ತೋರಿಸುವ ನ್ಯೂಸ್-2 ಚಾರ್ಟ್ ಇದೆ. ಉಸಿರು ನಿಮಿಷಕ್ಕೆ 26 ಇದೆ ಅಂದುಕೊಳ್ಳಿ, ಅದಕ್ಕೆ 3 ಅಂಕ. ಸಂಜೆವರೆಗೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಈಗ ಏನೇನೋ ಹೇಳುತ್ತಿದ್ದರೆ ಇನ್ನು 3. ನಾಡಿ 105, ಅದಕ್ಕೆ 1. ಒಟ್ಟು 7 ಆಯಿತು. 7 ಮುಟ್ಟಿದರೆ ಎಮರ್ಜೆನ್ಸಿ. ಅಲ್ಲಿಗೆ ‘ಸುಮ್ನೆ ತೊಂದರೆ ಕೊಡ್ತಿದ್ದೀನಾ’ ಎಂಬ ಯೋಚನೆ ಬಿಟ್ಟುಬಿಡಿ.

ಫೋನಿನಲ್ಲಿ ಕಥೆ ಹೇಳಬೇಡಿ. ‘ನಾನು ಇಂಥವಳು, ಇಂಥ ವಾರ್ಡು. ನ್ಯೂಸ್ 7. ನ್ಯುಮೋನಿಯಾಗೆ ಸೇರಿದ ಅಜ್ಜಿ, ಈಗ ಗೊಂದಲ ಶುರುವಾಗಿದೆ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಅಪಾಯವಾಗುವ ಸ್ಥಿತಿ) ಇರಬಹುದು ಅನ್ನಿಸುತ್ತಿದೆ. ಬ್ಲಡ್ ಕಲ್ಚರ್ ತೆಗೆದಿದ್ದೇನೆ, ಆಂಟಿಬಯೋಟಿಕ್ ಕೊಡಿಸುತ್ತಿದ್ದೇನೆ. ನೀವು ಈಗಲೇ ಬಂದು ನೋಡಬೇಕು.’ ಇಷ್ಟು ಸಾಕು. ಕೊನೆಯ ಮಾತನ್ನು ಮಾತ್ರ ನುಂಗಬೇಡಿ. ನಮ್ಮ ಹುಡುಗ ಹುಡುಗಿಯರು ಎಲ್ಲ ಹೇಳಿ, ‘ಬನ್ನಿ’ ಅನ್ನುವುದನ್ನೇ ಬಿಡುತ್ತಾರೆ. ಆ ಕಡೆಯವರು, ಇವರು ಬರೀ ಸಲಹೆ ಕೇಳಲು ಫೋನ್ ಮಾಡಿದ್ದಾರೆ ಅಂದುಕೊಂಡು ಇಟ್ಟುಬಿಡುತ್ತಾರೆ.

ಸ್ಕೋರ್ ಕಡಿಮೆ ಇದ್ದರೂ ಅನುಭವಿ ನರ್ಸ್ ‘ಈ ಪೇಷೆಂಟ್ ಯಾಕೋ ಸರಿ ಕಾಣ್ತಿಲ್ಲ’ ಅಂದರೆ ತಕ್ಷಣ ಎದ್ದು ಹೋಗಿ. ನಾನು ಚಾರ್ಟಿಗಿಂತ ಆ ಮಾತನ್ನೇ ಜಾಸ್ತಿ ನಂಬುತ್ತಿದ್ದೆ. ಹೃದಯ ನಿಂತರೆ ರಿಜಿಸ್ಟ್ರಾರ್‌ನ ಹುಡುಕುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಯೊಳಗಿನ ತುರ್ತು ನಂಬರ್ 2222ಕ್ಕೆ ಫೋನ್ ಮಾಡಿ.

ನೈಟ್ಸ್‌ಗೆ ಮೊದಲು ಒಂದೆರಡು ಶಿಫ್ಟ್ ಶ್ಯಾಡೋಯಿಂಗ್ (ಇನ್ನೊಬ್ಬ ಡಾಕ್ಟರ್ ಜೊತೆಗಿದ್ದು ನೋಡಿ ಕಲಿಯುವುದು) ಬೇಕು ಅಂತ ರೋಟಾ (ಡ್ಯೂಟಿ ಪಟ್ಟಿ) ನೋಡಿಕೊಳ್ಳುವವರಿಗೆ ಇವತ್ತೇ ಮೇಲ್ ಹಾಕಿ. ಹೊಸಬರು ಹಾಗೆ ಕೇಳುವುದು ಅಲ್ಲಿ ಮಾಮೂಲು. ಮೊದಲ ರಾತ್ರಿ ಹ್ಯಾಂಡೋವರ್ (ಹಿಂದಿನ ಶಿಫ್ಟಿನವರು ರೋಗಿಗಳ ವಿವರ ಒಪ್ಪಿಸುವುದು) ಮುಗಿದ ಮೇಲೆ ರಿಜಿಸ್ಟ್ರಾರ್ ಹತ್ತಿರ ಹೋಗಿ, ‘ನಾನು ಈ ದೇಶಕ್ಕೆ ಹೊಸಬಳು, ಇದು ನನ್ನ ಮೊದಲ ನೈಟ್’ ಅಂತ ನೇರವಾಗಿ ಹೇಳಿ. ಹಾಗೆ ಹೇಳಿದವರ ವಾರ್ಡಿಗೆ ಅವರು ಕರೆಯದಿದ್ದರೂ ನಾನು ಒಂದು ಸುತ್ತು ಹೋಗಿ ಬರುತ್ತಿದ್ದೆ.