ಮದುಮಗಳು ಚೀರಿದ್ದೇಕೆ?

ಪ್ರಶ್ನೆ: ಮೇಡಂ, ಮಗಳು ಮೊನ್ನೆ ಕಂಪ್ಯೂಟರಿನಲ್ಲಿ 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರ ತೋರಿಸಿದಳು. ವಿಜ್ಞಾನಿಗಳಿಬ್ಬರು ಸೇರಿ ಮೊದಲೇ ಸೃಷ್ಟಿಯಾಗಿದ್ದ ವಿಕಾರ ಜೀವಿಗೆ ಜೋಡಿಯಾಗಿ ಒಬ್ಬಳನ್ನು ಸೃಷ್ಟಿಸುತ್ತಾರೆ. ಒಂದೂಕಾಲು ಗಂಟೆಯ ಚಿತ್ರದಲ್ಲಿ ಅವಳು ಬರುವುದು ಕೊನೆಯ ಕೆಲವೇ ನಿಮಿಷ. ಅಷ್ಟು ಹಂಬಲಿಸಿ ಕಾದಿದ್ದ ಬಡಪಾಯಿಯನ್ನು ಕಂಡು ಚೀರಿಬಿಡುತ್ತಾಳೆ. ಎಂಥ ಕಲ್ಲುಮನಸ್ಸು! ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.
— ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ಕನಿಕರ ನನಗೂ ಇದೆ. ಕಾಡಿನ ಗುಡಿಸಲಿನಲ್ಲಿ ಕುರುಡ ಮುದುಕ ಪಿಟೀಲು ನುಡಿಸಿ, ಆ ಜೀವಿಯನ್ನು ಒಳಗೆ ಕರೆದು, ಊಟ ಕೊಟ್ಟು, ‘ಸ್ನೇಹಿತ’ ಎಂಬ ಮಾತು ಕಲಿಸುವ ದೃಶ್ಯದಲ್ಲಿ ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತದೆ. ಆ ಜೀವಿ ಮಾತಾಡುವುದು ನಟ ಬೋರಿಸ್ ಕಾರ್ಲಾಫ್‌ಗೆ ಇಷ್ಟವಿರಲಿಲ್ಲ. ಇದೊಂದು ವಿಷಯದಲ್ಲಿ ನಿರ್ದೇಶಕ ಜೇಮ್ಸ್ ವ್ಹೇಲ್ ಹಟವೇ ಸರಿ ಎನ್ನುತ್ತೇನೆ.

ಆದರೆ ಅವಳದು ಕಲ್ಲುಮನಸ್ಸು ಎಂದರೆ ಒಪ್ಪಲಾರೆ. ನಾನು ಹನ್ನೆರಡು ವರ್ಷದವಳಿದ್ದಾಗ ಮಂಡ್ಯದ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದಿದ್ದರು. ನಡುಮನೆಯಲ್ಲಿ ಜಮಖಾನ, ತಟ್ಟೆಗಳಲ್ಲಿ ಕೇಸರಿಬಾತು. ಹಾಡಿಸಿದರು, ನಡೆಸಿ ನೋಡಿದರು. ಸಂಜೆಯೊಳಗೆ ತಾಂಬೂಲವೂ ಬದಲಾಯಿತು. ಒಪ್ಪಿಗೆಯೇ ಎಂದು ಅಕ್ಕನನ್ನು ಕೇಳಿದವರಿಲ್ಲ. ಅವಳು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕತ್ತಲಾಗುವವರೆಗೂ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ, ಇಬ್ಬರೂ ಮಾತಾಡಲಿಲ್ಲ.

ಈಗ ಚಿತ್ರದಲ್ಲಿ ಅವಳನ್ನು ಸೃಷ್ಟಿಸುವ ಗೋಪುರಕ್ಕೆ ಬನ್ನಿ. ಅವಳು ಕಣ್ಣು ಬಿಟ್ಟು ಇನ್ನೂ ಸರಿಯಾಗಿ ನಿಂತಿಲ್ಲ. ಅಷ್ಟರಲ್ಲೇ ವಿಜ್ಞಾನಿಗಳಲ್ಲಿ ಒಬ್ಬನಾದ ಪ್ರಿಟೋರಿಯಸ್ ಅವಳನ್ನು ಮದುಮಗಳೆಂದು ಘೋಷಿಸುತ್ತಾನೆ, ಹಿನ್ನೆಲೆಯಲ್ಲಿ ಮದುವೆಯ ಗಂಟೆಗಳು ಮೊಳಗುತ್ತವೆ. ಹುಟ್ಟುವ ಮೊದಲೇ ನಿಶ್ಚಯವಾದ ಮದುವೆ ಅದು. ಅವಳಿಗೆ ಮಾತು ಕಲಿಸಲು ಯಾವ ಮುದುಕನೂ ಸಿಕ್ಕಿರಲಿಲ್ಲ. ‘ಬೇಡ’ ಎನ್ನಲು ಅವಳ ಬಳಿ ಇದ್ದದ್ದು ಗಂಟಲೊಂದೇ. ಕೊನೆಯಲ್ಲಿ ಬುಸುಗುಟ್ಟುತ್ತಾಳಲ್ಲ, ಅದನ್ನು ನಟಿ ಎಲ್ಸಾ ಲ್ಯಾಂಚೆಸ್ಟರ್ ಲಂಡನ್ನಿನ ಉದ್ಯಾನವೊಂದರ ಹಂಸಗಳಿಂದ ಕಲಿತದ್ದು. ಮರಿಗಳ ಹತ್ತಿರ ಹೋದರೆ ಹಂಸ ಹಾಗೆಯೇ ಬುಸುಗುಟ್ಟುತ್ತದೆ. ಅದನ್ನು ಯಾರೂ ಕ್ರೂರಿ ಎನ್ನುವುದಿಲ್ಲ.

ಮೂಲ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ ಅನ್ನು 1818ರಲ್ಲಿ ಪ್ರಕಟಿಸಿದ ಮೇರಿ ಶೆಲ್ಲಿಗೆ ಇದು ಹೊಳೆದಿತ್ತು. ಅಲ್ಲಿ ವಿಜ್ಞಾನಿ ಹೆಣ್ಣುಜೀವಿಯನ್ನು ಪೂರ್ತಿಗೊಳಿಸದೆ ಹರಿದೆಸೆಯುತ್ತಾನೆ. ತನ್ನ ಸೃಷ್ಟಿಗೆ ಮೊದಲೇ ಆದ ಒಪ್ಪಂದವನ್ನು ಅವಳು ತಿರಸ್ಕರಿಸಿದರೆ ಎಂಬುದು ಅವನ ಅಂಜಿಕೆಗಳಲ್ಲಿ ಒಂದು. ಚಿತ್ರದಲ್ಲಿ ಅವಳು ಬದುಕಿ ಬಂದು ತಿರಸ್ಕರಿಸಿಯೇಬಿಡುತ್ತಾಳೆ. ಚಿತ್ರದ ಆರಂಭದಲ್ಲಿ ಕಥೆ ಹೇಳುವ ಮೇರಿ ಶೆಲ್ಲಿಯಾಗಿ ಬರುವವಳೂ ಲ್ಯಾಂಚೆಸ್ಟರಳೇ, ಗಮನಿಸಿದಿರಾ? ಆದರೆ ಪಾತ್ರವರ್ಗದ ಪಟ್ಟಿಯಲ್ಲಿ ಮದುಮಗಳ ಎದುರು ನಟಿಯ ಹೆಸರಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ.

ಮಗಳೊಡನೆ ಇನ್ನೊಮ್ಮೆ ನೋಡಿ. ಮೈಗೆ ಸುತ್ತಿದ್ದ ಬಟ್ಟೆಪಟ್ಟಿ ಬಿಚ್ಚಿದ ಮೇಲೆ ಅವಳು ಹಕ್ಕಿಯಂತೆ ಥಟ್ಟನೆ ಕತ್ತು ಹೊರಳಿಸಿ ಅತ್ತ ಇತ್ತ ನೋಡುತ್ತಾಳೆ. ಆ ಜೀವಿ ಇನ್ನೂ ಎದುರಿಗೆ ಬಂದಿರುವುದಿಲ್ಲ. ಆಗ ಅವಳ ಮುಖದಲ್ಲಿರುವುದು ದ್ವೇಷವಲ್ಲ, ಲೋಕ ಎಂದರೇನು ಎಂಬ ಬೆರಗು. ಅಷ್ಟು ಹೊತ್ತನ್ನೂ ಅವಳಿಗೆ ಯಾರೂ ಬಿಡಲಿಲ್ಲ.