ನಿಮ್ಮ ಸ್ಕೀಯಿಂಗ್ ಲೇಖನ ವಾಪಸ್ ಬಂದದ್ದು ಯಾಕೆ

ನಮಸ್ಕಾರ.

‘ಹಿಮದ ಮೇಲಿನ ಯಂತ್ರಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪತ್ರಿಕೆಗೆ ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟರೆ ನಿಮಗೂ ಹಗುರ, ನನಗೂ ಹಗುರ. ಆದರೆ ಕ್ರಾಸ್ ಕಂಟ್ರಿ ಸ್ಕೀಯಿಂಗ್ (ಕಾಲಿಗೆ ಪಟ್ಟಿಯಂಥ ಸ್ಕೀ ಕಟ್ಟಿ, ಕೋಲು ಊರಿಕೊಂಡು ಹಿಮದ ಏರು, ಬಯಲು, ಇಳಿಜಾರು ದಾಟುವ ರೇಸ್) ಆಟಗಾರರ ಮೈ ಹೇಗೆ ಕೆಲಸ ಮಾಡುತ್ತದೆ ಎಂದು ಬರೆದು ನನಗೆ ಕಳಿಸಿದವರಲ್ಲಿ ನೀವೇ ಮೊದಲಿಗರು. ಸುಮ್ನೆ ‘ಪ್ರಕಟಿಸಲು ಆಗುತ್ತಿಲ್ಲ, ಕ್ಷಮಿಸಿ’ ಎಂದು ಒಂದು ಸಾಲು ಗೀಚಿ ಕಳಿಸಲು ಮನಸ್ಸಾಗಲಿಲ್ಲ.

ನಿಮ್ಮ ವಾದ ಇಷ್ಟು: ಆಮ್ಲಜನಕ ಬಳಸುವ ಶಕ್ತಿ ಇವರ ಮೈಗೆ ವಿಪರೀತ ಇದೆ, ಅದಕ್ಕೇ ಗೆಲ್ಲುತ್ತಾರೆ. ನಾರ್ವೆಯ ಸ್ಕೀಯರ್ ಬ್ಯೋರ್ನ್ ಡೇಲಿ ಅವರ ವಿಓ2 ಮ್ಯಾಕ್ಸ್ 96 ಎಂದು ಮೂರು ಕಡೆ ಬರೆದಿದ್ದೀರಿ. ಒಂದು ಕಡೆ ‘ಅಬ್ಬಾ’ ಕೂಡ ಇದೆ. 96 ಎಂದರೆ ಏನು ಎಂದು ಮಾತ್ರ ಎಲ್ಲೂ ಹೇಳಿಲ್ಲ. ಓದುಗ ಅಬ್ಬಾ ಎನ್ನುವುದಾದರೂ ಯಾತಕ್ಕೆ?

ಹೀಗೆ ಹೇಳಿ ನೋಡಿ. ಮೈತೂಕದ ಪ್ರತಿ ಕಿಲೋಗೆ, ಒಂದು ನಿಮಿಷದಲ್ಲಿ, ಹೆಚ್ಚೆಂದರೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲರು ಎಂಬ ಲೆಕ್ಕ ಅದು. ವಿಶೇಷ ತರಬೇತಿ ಇಲ್ಲದ, ಆರೋಗ್ಯವಾಗಿರುವ ಹುಡುಗನಿಗೆ 40-45 ಇರುತ್ತದೆ. ವಿಶ್ವಮಟ್ಟದ ಪುರುಷ ಸ್ಕೀಯರ್‌ಗಳಲ್ಲಿ 80ರಿಂದ 90, ಮಹಿಳೆಯರಲ್ಲಿ 70ರ ಮೇಲೆ. 70 ಕಿಲೋ ತೂಕದವನಿಗೆ 85 ಇದ್ದರೆ ನಿಮಿಷಕ್ಕೆ ಸುಮಾರು 6 ಲೀಟರ್ ಆಯಿತು. ಗಾಳಿಯಲ್ಲ, ಬರೀ ಆಮ್ಲಜನಕ! ಅಷ್ಟನ್ನು ಹೊತ್ತೊಯ್ಯಲು ರಕ್ತ ಬೇಕಲ್ವಾ? ಸುಮ್ಮನೆ ಕೂತಾಗ ನಮ್ಮ ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ದೂಡುತ್ತದೆ. ಇಂಥ ಆಟಗಾರರ ಹೃದಯ ಪೂರ್ತಿ ಶ್ರಮದಲ್ಲಿ 40 ಲೀಟರ್ ಹತ್ತಿರ ಹೋಗಬಲ್ಲದು. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಎರಡು, ಒಂದೇ ನಿಮಿಷದಲ್ಲಿ. ಈಗ ಓದುಗನೇ ಅಬ್ಬಾ ಎನ್ನುತ್ತಾನೆ, ನೀವು ಎನ್ನಬೇಕಾಗಿಲ್ಲ.

ಆದರೆ ನನ್ನ ದೊಡ್ಡ ತಕರಾರು ಬೇರೆ. ಆ ಸಂಖ್ಯೆ ಹಾಲ್ ಟಿಕೆಟ್ ಇದ್ದ ಹಾಗೆ. ಪರೀಕ್ಷೆಗೆ ಕೂರಲು ಬೇಕೇ ಬೇಕು, ಅದು ರ‍್ಯಾಂಕ್ ಕೊಡುವುದಿಲ್ಲ. ಮುಂಚೂಣಿಯಲ್ಲಿರುವ ಎಲ್ಲರ ಹತ್ತಿರವೂ ಅದು ಇದೆ. ಹಾಗಿದ್ದರೆ ಗೆಲ್ಲುವವರು ಗೆಲ್ಲುವುದು ಯಾಕೆ? ನಿಮ್ಮ ಲೇಖನ ಈ ಪ್ರಶ್ನೆಯ ಬಾಗಿಲಿಗೆ ಬಂದು ವಾಪಸ್ ಹೋಗುತ್ತದೆ. ತಮಾಷೆ ಎಂದರೆ ಉತ್ತರ ನಿಮ್ಮ ಲೇಖನದಲ್ಲೇ ಇದೆ. ನೀವದನ್ನು ಕಣ್ಣೀರಿನ ಕಥೆ ಮಾಡಿ ಕೊನೆಗೆ ಇಟ್ಟಿದ್ದೀರಿ.

1998ರ ನಗಾನೊ ಒಲಿಂಪಿಕ್ಸ್. 10 ಕಿಲೋಮೀಟರ್, ಕ್ಲಾಸಿಕ್ ಶೈಲಿಯ ರೇಸ್. ಡೇಲಿ ಗೆದ್ದರು. ಕೀನ್ಯಾದ ಫಿಲಿಪ್ ಬೋಯಿಟ್ ಎಲ್ಲರಿಗಿಂತ ಕೊನೆಗೆ, ಸುಮಾರು 20 ನಿಮಿಷ ತಡವಾಗಿ ಬಂದರು. ಅಲ್ಲಿಯವರೆಗೂ ಡೇಲಿ ಗುರಿಯ ಹತ್ತಿರ ಕಾದು ನಿಂತು ಅವರನ್ನು ಅಪ್ಪಿಕೊಂಡರು. ಬೋಯಿಟ್ ಆಮೇಲೆ ಮಗನಿಗೆ ಡೇಲಿ ಎಂದೇ ಹೆಸರಿಟ್ಟರು. ಚೆಂದದ ಕಥೆ, ಒಪ್ಪಿದೆ. ಆದರೆ ಒಂದು ವಿಷಯ ಬಿಟ್ಟಿದ್ದೀರಿ. ಬೋಯಿಟ್ ಮಧ್ಯಮ ದೂರದ ಓಟಗಾರ. ಪಳಗಿದ ಹೃದಯ, ಪಳಗಿದ ಕಾಲು. ಹಿಮ ನೋಡಿ ಎರಡೇ ವರ್ಷ ಆಗಿತ್ತು. ಓಡುವ ಮೈ ಜಾರುವ ಕೆಲಸವನ್ನು ಎರಡು ವರ್ಷದಲ್ಲಿ ಕಲಿಯುವುದಿಲ್ಲ. ಒಂದು ಸ್ಕೀ ಮೇಲೆ ತೂಕ ಹಾಕಿ ಎಷ್ಟು ಹೊತ್ತು ಜಾರಬೇಕು, ಯಾವ ಗಳಿಗೆಯಲ್ಲಿ ಒದೆಯಬೇಕು ಎಂಬುದು ತಪ್ಪಿದರೆ, ಉಸಿರಾಡಿದ ಆಮ್ಲಜನಕ ವೇಗವಾಗುವ ಬದಲು ಬೆವರಾಗಿ ಹೋಗುತ್ತದೆ. ನಿಮ್ಮ ‘ಯಂತ್ರ’ದ ವಾದವನ್ನು ನಿಮ್ಮದೇ ಕಥೆ ಬೀಳಿಸುತ್ತಿದೆ. ಲೇಖನ ಇಲ್ಲಿಂದ ಶುರುವಾಗಬೇಕು.

ಇನ್ನು ಇಳಿಜಾರು. ಎರಡು ಪುಟ ಇಳಿಜಾರಿನ ರೋಮಾಂಚನ ಬರೆದಿದ್ದೀರಿ. ಅದು ಆಲ್ಪೈನ್ ಸ್ಕೀಯಿಂಗ್‌ನ ಕಥೆ. ನಿಮ್ಮ ಆಟ ತೀರ್ಮಾನವಾಗುವುದು ಏರಿನಲ್ಲಿ. ಟ್ರ್ಯಾಕಿನಲ್ಲಿ ಏರು, ಇಳಿಜಾರು, ಏರಿಳಿತದ ಬಯಲು ಹೆಚ್ಚುಕಮ್ಮಿ ಮೂರು ಸಮಪಾಲು. ಸಮಯದ ಲೆಕ್ಕ ಹಾಕಿದರೆ ಅರ್ಧದಷ್ಟು ಏರಿನಲ್ಲೇ ಕಳೆಯುತ್ತದೆ. ಅಲ್ಲಿ ಮೈ ಕೇಳುವ ಶಕ್ತಿ ಆಮ್ಲಜನಕ ಕೊಡಬಲ್ಲದ್ದಕ್ಕಿಂತ ಜಾಸ್ತಿ. ಆಟಗಾರ ಕೈಸಾಲ ಮಾಡುತ್ತಾನೆ. ಇಳಿಜಾರಿನಲ್ಲಿ ಮುದುಡಿ ಕೂತು ಅರ್ಧ ನಿಮಿಷದಲ್ಲಿ ಒಂದಿಷ್ಟು ತೀರಿಸುತ್ತಾನೆ. ಅಷ್ಟರಲ್ಲಿ ಮುಂದಿನ ಏರು. ಮತ್ತೆ ಸಾಲ. 10 ಕಿಲೋಮೀಟರಿನಲ್ಲಿ ಹೀಗೆ ಎಷ್ಟೋ ಸಲ. ಸಾಲ ಮಾಡುವ ಧೈರ್ಯ, ತೀರಿಸುವ ವೇಗ ಎರಡೂ ಬೇಕು. ನಿಮ್ಮ ಇಳಿಜಾರಿನ ರೋಮಾಂಚನದಲ್ಲಿ ಇದು ಮುಚ್ಚಿಹೋಗಿದೆ.

‘ಉಕ್ಕಿನ ಕಾಲುಗಳು’ ಎಂಬ ಮಾತನ್ನೂ ತೆಗೆಯಿರಿ. ಸವಕಲು ಎಂದಷ್ಟೇ ಅಲ್ಲ, ತಪ್ಪು. ಈ ಆಟದಲ್ಲಿ ಅರ್ಧ ಕೆಲಸ ಕೈಯದು. ಡಬಲ್ ಪೋಲಿಂಗ್ ಎಂದರೆ ಎರಡೂ ಕೋಲನ್ನು ಒಟ್ಟಿಗೆ ಊರಿ ತಳ್ಳುವುದು. ಒನಕೆಯಲ್ಲಿ ಭತ್ತ ಕುಟ್ಟುವವರನ್ನು ನೋಡಿದ್ದರೆ ನಿಮಗೆ ಗೊತ್ತು, ಪೆಟ್ಟಿನ ಬಲ ತೋಳಿನದಷ್ಟೇ ಅಲ್ಲ. ಮೈ ಮೇಲಕ್ಕೆದ್ದು ಬಗ್ಗುವಾಗ ಹೊಟ್ಟೆ, ಬೆನ್ನು, ತೂಕ ಎಲ್ಲ ಸೇರುತ್ತವೆ. ಇಲ್ಲಿಯೂ ಹಾಗೆಯೇ. ಸ್ವೀಡನ್ನಿನಲ್ಲಿ ಸೇಲನ್‌ನಿಂದ ಮೋರಾವರೆಗೆ 90 ಕಿಲೋಮೀಟರಿನ ವಾಸಾಲೊಪೆಟ್ ರೇಸ್ 1922ರಿಂದ ನಡೆಯುತ್ತಿದೆ. ಈಗ ಅದರ ಮುಂಚೂಣಿಯ ಪುರುಷರು ಒದೆಯಲು ಹಿಡಿತ ಕೊಡುವ ಮೇಣವನ್ನೇ ಹಚ್ಚದೆ, ಇಡೀ ದಾರಿ ಕೋಲು ತಳ್ಳಿಕೊಂಡೇ ಹೋಗುತ್ತಾರೆ.

ಕೈ ಬಂತು ಎಂದರೆ ಲ್ಯಾಕ್ಟೇಟ್ ಬಂತು. ನೀವು ಅದನ್ನು ‘ಸ್ನಾಯುಗಳಲ್ಲಿ ತುಂಬುವ ವಿಷ’ ಎಂದಿದ್ದೀರಿ. ಹಳೇ ಪಠ್ಯಪುಸ್ತಕದ ಮಾತು. ತೋಳು ಜೋರಾಗಿ ಕೆಲಸ ಮಾಡಿದಾಗ ಲ್ಯಾಕ್ಟೇಟ್ ಹೊರಬಿಡುತ್ತದೆ, ಕಾಲಿನ ಸ್ನಾಯು ಮತ್ತು ಹೃದಯ ಅದನ್ನೇ ಇಂಧನವಾಗಿ ಉರಿಸುತ್ತವೆ. ವಿಷ ಎಂದ ಜಾಗದಲ್ಲಿ ಇದನ್ನು ಬರೆಯಿರಿ.

‘ದಿನವೂ ಸಾಯುವಷ್ಟು ಕಸರತ್ತು’ ಎಂಬ ಪ್ಯಾರಾ ಓದಿ ನಕ್ಕೆ, ಬೇಜಾರಾಗಬೇಡಿ. ನಾರ್ವೆಯ ಸ್ಕೀಯರ್ ಮಾರಿಟ್ ಬ್ಯೋರ್ಗೆನ್ ಒಲಿಂಪಿಕ್ಸಿನಲ್ಲಿ 15 ಪದಕ ಗೆದ್ದವರು. ಒಳ್ಳೆಯ ವರ್ಷಗಳಲ್ಲಿ ಅವರ ತರಬೇತಿ 900 ಗಂಟೆ ದಾಟುತ್ತಿತ್ತು. ಅದರಲ್ಲಿ ಬಹುಪಾಲು ಪಕ್ಕದವರ ಜೊತೆ ಮಾತಾಡಿಕೊಂಡು ಹೋಗಬಹುದಾದ ನಿಧಾನದ ವೇಗದಲ್ಲಿ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಗಾಲಿ ಹಾಕಿದ ರೋಲರ್ ಸ್ಕೀ. ನೋಡುವವರಿಗೆ ಬೋರು ಹೊಡೆಯುವ ಕೆಲಸ. ಆ ಬೋರನ್ನೇ ನೀವು ಬರೆಯಬೇಕಿತ್ತು.

ಫಿನ್ಲೆಂಡಿನ ಏರೋ ಮಾಂಟಿರಾಂಟ ಅವರ ಭಾಗ ಮಾತ್ರ ಚೆನ್ನಾಗಿದೆ. 1964ರ ಇನ್ಸ್‌ಬ್ರುಕ್‌ನಲ್ಲಿ 15 ಮತ್ತು 30 ಕಿಲೋಮೀಟರ್ ಎರಡೂ ಚಿನ್ನ. ಹಿಮೋಗ್ಲೋಬಿನ್ ವಿಪರೀತ ಜಾಸ್ತಿ ಇದ್ದದ್ದು ನೋಡಿ ಜನ ಅನುಮಾನಪಟ್ಟರು. ಕೆಂಪು ರಕ್ತಕಣ ಹೆಚ್ಚಿಸುವ ಜೀನ್ ಬದಲಾವಣೆ ಅವರ ಕುಟುಂಬದಲ್ಲೇ ಇದೆ ಎಂದು 1990ರ ದಶಕದಲ್ಲಿ ಗೊತ್ತಾಯಿತು. ‘ಜೀನ್ ಅವರನ್ನು ಗೆಲ್ಲಿಸಿತು’ ಎಂದು ನೀವು ಮುಗಿಸಿದ್ದೀರಿ. ಅದೇ ಜೀನ್ ಇದ್ದ ನೆಂಟರು ಎಷ್ಟೋ ಮಂದಿ. ಅವರೆಲ್ಲ ಒಲಿಂಪಿಕ್ಸ್ ಗೆದ್ದರೇ? 1972ರಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮದ್ದಿನ ಪರೀಕ್ಷೆಯಲ್ಲಿ ಅವರು ಸಿಕ್ಕಿಬಿದ್ದದ್ದನ್ನೂ ಬಿಟ್ಟಿದ್ದೀರಿ. ಇಷ್ಟಪಟ್ಟವರ ತಪ್ಪು ಮುಚ್ಚಬೇಡಿ.

ಚಿಕ್ಕಪುಟ್ಟವು ಬೇಗ ಹೇಳುತ್ತೇನೆ. ಕಂಬಳದ ಹೋಲಿಕೆ ಬೇಡ. ಅದು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುವ ಓಟ, ಬೇರೆಯದೇ ಶಕ್ತಿ. ನನ್ನ ಒನಕೆ ವಿವರಿಸುತ್ತದೆ, ನಿಮ್ಮ ಕಂಬಳ ಅಲಂಕಾರ. ಅಷ್ಟೇ ವ್ಯತ್ಯಾಸ. ಮೈನಸ್ 20 ಡಿಗ್ರಿಗಿಂತ ಚಳಿ ಇದ್ದರೆ ರೇಸ್ ನಡೆಸುವುದಿಲ್ಲ ಎಂಬ ನಿಯಮ ಬರೆದಿದ್ದೀರಿ, ಯಾಕೆ ಎಂದು ಬರೆದಿಲ್ಲ. ನಿಮಿಷಕ್ಕೆ ನೂರಾರು ಲೀಟರ್ ಒಣ, ತಣ್ಣನೆ ಗಾಳಿ ಎಳೆದು ಶ್ವಾಸನಾಳ ಕೆರಳುತ್ತದೆ. ಈ ಆಟಗಾರರಲ್ಲಿ ಆಸ್ತಮಾ ಬೇರೆಯವರಿಗಿಂತ ಜಾಸ್ತಿ. ಶ್ವಾಸಕೋಶವನ್ನು ಅಷ್ಟು ಹೊಗಳಿದವರು ಅದು ಕೆಡುವುದನ್ನು ಹೇಳದಿದ್ದರೆ ಹೇಗೆ?

ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಿಗೆ ಒಂದೇ ಒಂದು ಸಾಲು ಕೊಟ್ಟಿದ್ದೀರಿ, ಅದೂ ‘ನಮ್ಮ ಹೆಮ್ಮೆ’ ಎಂದು. ಹಿಮ ಬೀಳದ ಜಿಲ್ಲೆಯಿಂದ ಹೋಗಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಕೀ ಮಾಡಿದವರು. ಬೋಯಿಟ್ ಕಥೆಯ ಪ್ರಶ್ನೆಗಳನ್ನೆಲ್ಲ ಕೇಳಲು ನಿಮಗೆ ಕನ್ನಡದಲ್ಲೇ ಒಬ್ಬರು ಸಿಕ್ಕಿದ್ದಾರಲ್ರೀ! ಹೆಮ್ಮೆ ಆಮೇಲೆ. ಮೊದಲು ಕೇಳಿ: ಜಾರುವುದು ಮೈಗೆ ಬರಲು ಎಷ್ಟು ಚಳಿಗಾಲ ಬೇಕಾಯಿತು? ರೋಲರ್ ಸ್ಕೀಗೂ ಹಿಮಕ್ಕೂ ಕಾಲಿಗೆ ಏನು ವ್ಯತ್ಯಾಸ? ಏರಿನಲ್ಲಿ ಯಾವಾಗ ಸೋತೆ ಅನಿಸುತ್ತದೆ? ಉತ್ತರಗಳನ್ನು ಅವರ ಮಾತಿನಲ್ಲೇ ಹಾಕಿ, ತಿದ್ದಬೇಡಿ.

1,800 ಪದ ಇದ್ದದ್ದು 1,200ಕ್ಕೆ ಇಳಿಯಲಿ. ಶೀರ್ಷಿಕೆಯಲ್ಲಿ ಯಂತ್ರ ಬೇಡ. ದೀಪಾವಳಿ ಒಳಗೆ ಕಳಿಸಿದರೆ ಚಳಿಗಾಲದ ಸಂಚಿಕೆಗೆ ನೋಡುತ್ತೇನೆ. ಆಗಲೂ ಹಾಕಿಯೇ ಹಾಕುತ್ತೇನೆ ಎಂದು ಮಾತು ಕೊಡಲಾರೆ, ಆದರೆ ಅದನ್ನೂ ಎರಡು ಸಲ ಓದುತ್ತೇನೆ.